ಮೂಕವಾದ ಎರಡಕ್ಷರ

ಇಂಗ್ಲಿಷಿನಲ್ಲಿ ‘ಲಾಫ್’ ಎಂದರೆ ನಗು. ಆ ಪದದಿಂದಲೇ ನಾನು ಮೊದಲ ಸಲ ನಗೆಗೀಡಾದೆ. ಗೊರೇಬಾಳದಿಂದ ಹೊರಟು ಪಟ್ಟಣದ ಹೈಸ್ಕೂಲನ್ನು ಸೇರಿದ ವರ್ಷ ಅದು. ಪಾಠವನ್ನು ಗಟ್ಟಿಯಾಗಿ ಓದಬೇಕೆಂದು ಗುರುಗಳ ಅಪ್ಪಣೆಯಾಯಿತು. ಪದದ ತುದಿಯಲ್ಲಿ ಜೀ ಮತ್ತು ಎಚ್ ಜೊತೆಯಾಗಿ ನಿಂತಿದ್ದವು. ನಾನು ಧೈರ್ಯವಾಗಿ ‘ಲಾಘ್’ ಎಂದೆ. ತರಗತಿಗೆ ತರಗತಿಯೇ ನಕ್ಕಿತು, ಗುರುಗಳೂ ನಕ್ಕರು. ನನ್ನ ಮಗ್ಗುಲಲ್ಲಿದ್ದ ನಮ್ಮೂರಿನ ಗೆಳೆಯನ ಸರದಿ ಬಂದಾಗ ಅವನು ಬಾಯಿಯನ್ನೇ ತೆರೆಯಲಿಲ್ಲ. ಆ ವರ್ಷ ಮುಗಿಯುವ ಮೊದಲೇ ಅವನು ಶಾಲೆ ಬಿಟ್ಟು ಹೊಲಕ್ಕೆ ಮರಳಿದ.

ಮನೆಯಲ್ಲಿ ತಂದೆಯವರ ಮುಂದೆ ಈ ಸಂಗತಿಯನ್ನು ಹೇಳಿದೆ. ಅವರು ನಿಜಾಮರ ಆಳ್ವಿಕೆಯಲ್ಲಿ ಉರ್ದು ಮಾಧ್ಯಮದಲ್ಲಿ ಕಲಿತವರು. “ತಮ್ಮಾ, ನೀ ಓದಿದ್ರಾಗ ತಪ್ಪೇನೈತಿ? ಗಾಫಿಗೆ ಹೇ ಹಚ್ಚಿದರ ಘ ಆಗೂದಿಲ್ಲೇನು?” ಎಂದರು. ಉರ್ದುವಿನಲ್ಲಿ ಘಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ಗಾಫ್ ಎಂಬ ಅಕ್ಷರಕ್ಕೆ ‘ದೋ ಚಶ್ಮೀ ಹೇ’ಯನ್ನು ಜೋಡಿಸಿ ಅದನ್ನು ಬರೆಯುತ್ತಾರೆ. ಕನ್ನಡದಲ್ಲಾದರೋ ಅದಕ್ಕೆ ಒಂದೇ ಅಕ್ಷರ. 1915ರಲ್ಲಿ ನಮ್ಮ ಸೀಮೆಯ ಮಸ್ಕಿಯಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದ ಬ್ರಾಹ್ಮೀ ಲಿಪಿಯಲ್ಲೂ ಘಕಾರಕ್ಕೆ ತನ್ನದೇ ಆದ ಅಕ್ಷರವುಂಟು. ಹೀಗಿರುವಾಗ ಇಂಗ್ಲಿಷಿನ ಈ ಜೋಡಿ ಮಾತ್ರ ಒಮ್ಮೆ ಫಕಾರವಾಗಿ, ಒಮ್ಮೆ ಗಕಾರವಾಗಿ, ಬಹುಪಾಲು ಮೂಕವಾಗಿ ಇರುವುದೇಕೆ? ಈ ಪ್ರಶ್ನೆಗೆ ಉತ್ತರ ದೊರೆಯಲು ನನಗೆ ಬಹಳ ವರ್ಷಗಳೇ ಬೇಕಾದವು.

ಮೊದಲು ಮೂಕ ಪದಗಳನ್ನು ನೋಡೋಣ. ಇರುಳಿಗೆ ನೈಟ್, ಬೆಳಕಿಗೆ ಲೈಟ್, ಎಂಟಕ್ಕೆ ಏಟ್, ಮಗಳಿಗೆ ಡಾಟರ್. ಈ ನಾಲ್ಕರಲ್ಲಿಯೂ ಜೀ-ಎಚ್ ಇದೆ. ನಾಲ್ಕರಲ್ಲಿಯೂ ಅದಕ್ಕೆ ದನಿಯಿಲ್ಲ. ಇವುಗಳ ಜರ್ಮನ್ ಸೋದರರನ್ನು ಕರೆದು ಕೇಳಿದರೆ ಗುಟ್ಟು ಹೊರಬೀಳುತ್ತದೆ: ನಾಖ್ಟ್, ಲಿಖ್ಟ್, ಆಖ್ಟ್, ಟೋಖ್ಟರ್. ಗಂಟಲಿನಿಂದ ಉಜ್ಜಿಕೊಂಡು ಬರುವ ಆ ಖಕಾರದಂಥ ದನಿ ಒಂದು ಕಾಲಕ್ಕೆ ಇಂಗ್ಲಿಷಿನಲ್ಲಿಯೂ ಇತ್ತು. ಇವು ನಮಗೂ ದೂರದ ನಂಟರೇ. ನೈಟ್ ಪದಕ್ಕೆ ಸಂಸ್ಕೃತದ ‘ನಕ್ತ’, ಡಾಟರ್ ಪದಕ್ಕೆ ‘ದುಹಿತೃ’ ಒಂದೇ ಮೂಲದ ಬಳಗ. ಹಳೆಯ ಇಂಗ್ಲಿಷಿನವರು ಈ ದನಿಗೆ ಬರಿಯ ಎಚ್ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಲಿಪಿಕಾರರ ಪದ್ಧತಿ ಬದಲಾಯಿತು. ಕ್ರಮೇಣ ಜೀ-ಎಚ್ ಜೋಡಿ ರೂಢಿಗೆ ಬಂತು. ಮುಂದೆ ದನಿ ಸವೆದು ಹೋಯಿತು. ಆದರೆ ಅಷ್ಟರಲ್ಲಿ ಅಚ್ಚಿನ ಮೊಳೆಗಳು ಬಂದು ಬರವಣಿಗೆಯನ್ನು ಬಿಗಿಯತೊಡಗಿದ್ದವು. ದನಿ ಸತ್ತರೂ ಅಕ್ಷರ ಉಳಿಯಿತು.

ಕೆಲವು ಪದಗಳಲ್ಲಿ ಆ ದನಿ ಸಾಯದೆ ರೂಪಾಂತರ ಹೊಂದಿತು. ತುಟಿಗಳನ್ನು ದುಂಡಗೆ ಮಾಡಿ ನುಡಿಯುವ ಸ್ವರದ ನೆರೆಯಲ್ಲಿ ಗಂಟಲಿನ ದನಿ ತುಟಿಯತ್ತ ಸರಿದು ಫಕಾರವಾಯಿತು. ಕೆಮ್ಮಿಗೆ ಕಾಫ್, ಒರಟಿಗೆ ರಫ್, ಸಾಕು ಎನ್ನಲು ಇನಫ್, ನಗುವಿಗೆ ಲಾಫ್. ನಗೆಯೆಂಬ ಅರ್ಥದ ‘ಲಾಫ್ಟರ್’ ಪದದ ಮೊದಲಿಗೆ ಒಂದು ಎಸ್ ಸೇರಿಸಿದರೆ ‘ಸ್ಲಾಟರ್’ ಆಗುತ್ತದೆ. ಅದರ ಅರ್ಥ ಕಗ್ಗೊಲೆ. ಅಲ್ಲಿ ಜೀ-ಎಚ್ ಮತ್ತೆ ಮೂಕ.

ಪದದ ಮೊದಲಲ್ಲಿ ಈ ಜೋಡಿ ನಿಂತರೆ ಕಥೆಯೇ ಬೇರೆ. ಭೂತವೆಂಬ ಅರ್ಥದ ‘ಗೋಸ್ಟ್’ ಪದಕ್ಕೆ ಮೊದಲು ಎಚ್ ಇರಲಿಲ್ಲ. 1476ರಲ್ಲಿ ಇಂಗ್ಲೆಂಡಿಗೆ ಮುದ್ರಣವನ್ನು ತಂದ ಕ್ಯಾಕ್ಸ್‌ಟನ್ ಅದಕ್ಕೂ ಮುನ್ನ ಫ್ಲೆಮಿಷ್ ನಾಡಿನಲ್ಲಿ ನೆಲೆಸಿದ್ದವನು. ಆ ನುಡಿಯ ಬರಹದ ರೂಢಿಯೇ ಅವನ ಅಚ್ಚುಕೂಟದ ಮೂಲಕ ಗೋಸ್ಟಿಗೆ ಅಂಟಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಉಳಿದವು ಪರದೇಶದ ಅತಿಥಿಗಳು. ‘ಗೆಟ್ಟೊ’ ಇಟಲಿಯದು; 1516ರಲ್ಲಿ ವೆನಿಸ್ ನಗರದಲ್ಲಿ ಯಹೂದ್ಯರನ್ನು ಕೂಡಿಹಾಕಿದ ಕೇರಿಯ ಹೆಸರು. ಹೆಣ ತಿನ್ನುವ ಪಿಶಾಚಿ ‘ಗೂಲ್’ ಅರಬ್ಬಿಯದು. ರಾಯಚೂರು ಸೀಮೆಯ ಶಾಂತರಸರು ಕನ್ನಡದಲ್ಲಿ ಬೆಳೆಸಿದ ಗಜಲ್ ಕೂಡ ಇಂಗ್ಲಿಷಿನಲ್ಲಿ ಜೀ-ಎಚ್ ಹೊತ್ತೇ ನಿಲ್ಲುತ್ತದೆ. ತುಪ್ಪವೆಂಬ ಅರ್ಥದ ‘ಘೀ’, ಬೆಟ್ಟಸಾಲೆಂಬ ಅರ್ಥದ ‘ಘಾಟ್’ ನಮ್ಮ ದೇಶದಿಂದಲೇ ಹೋದವು. ಅಲ್ಲಿ ಆ ಜೋಡಿ ನಿಂತಿರುವುದು ನಮ್ಮ ಘಕಾರಕ್ಕಾಗಿ. ತಂದೆಯವರ ಸೂತ್ರ ಅಷ್ಟರ ಮಟ್ಟಿಗೆ ನಿಜವೇ ಆಗಿತ್ತು.

ಇನ್ನೊಂದು ವಿನೋದವುಂಟು. ಆನಂದವೆಂಬ ಅರ್ಥದ ‘ಡಿಲೈಟ್’ ಫ್ರೆಂಚಿನಿಂದ ಬಂದ ಪದ. ಅದರಲ್ಲಿ ಗಂಟಲಿನ ದನಿ ಎಂದೂ ಇರಲಿಲ್ಲ. ‘ಲೈಟ್’ ಪದವನ್ನು ನೋಡಿ ಬರೆಯುವವರು ಅದಕ್ಕೂ ಜೀ-ಎಚ್ ತೊಡಿಸಿದರು. ಇಲ್ಲದ ವಂಶದ ಗೋತ್ರ ಹೇಳಿಕೊಂಡಂತೆ!

ಕನ್ನಡ ಹಿಡಿದ ದಾರಿ ಬೇರೆ. ‘ಪಾಲ್’ ಎಂಬುದು ‘ಹಾಲು’ ಆದಾಗ ನಾವು ಬರಹವನ್ನೂ ಬದಲಿಸಿದೆವು. ಹಾಲು ಎಂದು ನುಡಿದು ಪಾಲ್ ಎಂದೇ ಬರೆಯುತ್ತಿದ್ದರೆ ನಮ್ಮ ಮಕ್ಕಳ ಗತಿಯೂ ಇಂಗ್ಲಿಷ್ ಮಕ್ಕಳದೇ ಆಗುತ್ತಿತ್ತು. ಆದರೆ ಈ ಸೌಕರ್ಯಕ್ಕೆ ನಾವು ಬೆಲೆ ತೆರದೆ ಇಲ್ಲ. ನನ್ನೂರಿನ ಹೆಸರಿನ ಕೊನೆಯ ‘ಬಾಳ’ ಕಿವಿಗೆ ಬಿದ್ದಾಗಲೆಲ್ಲ ನನಗೆ ಹಳಗನ್ನಡದ ಎರಡು ಪದಗಳು ನೆನಪಾಗುತ್ತವೆ: ‘ಬಾೞ್’ ಎಂದರೆ ಜೀವಿಸು, ‘ಬಾಳ್’ ಎಂದರೆ ಕತ್ತಿ. ‘ಕಱೆ’ ಎಂದರೆ ಹಾಲು ಹಿಂಡು, ‘ಕರೆ’ ಎಂದರೆ ಕೂಗು. ೞಕಾರ, ಱಕಾರಗಳು ಹೋದ ಮೇಲೆ ಬದುಕೂ ಕತ್ತಿಯೂ ಒಂದೇ ಅಕ್ಷರದಲ್ಲಿ ಬೆರೆತವು. ಆಕಳನ್ನು ಕರೆ ಎಂದರೆ ಹಿಂಡಬೇಕೋ ಕೂಗಬೇಕೋ ತಿಳಿಯದಂತಾಯಿತು. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ೞಕಾರದ ಪದಗಳನ್ನು ಎಣಿಸಿ ಹೇಳಬೇಕಾಯಿತು. ಒಂದು ನುಡಿ ಸತ್ತ ದನಿಗೆ ಗೋರಿ ಕಟ್ಟಿ ಕಾಯುತ್ತದೆ. ಇನ್ನೊಂದು ಮಣ್ಣುಮಾಡಿ ಮುಂದೆ ನಡೆಯುತ್ತದೆ. ಮೊದಲನೆಯದರಲ್ಲಿ ಓದುವವನಿಗೆ ಕಷ್ಟ, ಎರಡನೆಯದರಲ್ಲಿ ಪದದ ಮೂಲವನ್ನು ಹುಡುಕುವವನಿಗೆ ಕಷ್ಟ.

1400ರಲ್ಲಿ ತೀರಿಕೊಂಡ ಚಾಸರ್ ಕವಿಯ ಕಾಲದಲ್ಲಿ ನಗು ಎಂಬ ಆ ಪದದ ತುದಿಯಲ್ಲಿ ಗಂಟಲಿನ ದನಿಯೇ ಇತ್ತು. ಅಂದು ತರಗತಿಯಲ್ಲಿ ನಾನು ನುಡಿದ ‘ಲಾಘ್’ ಈಗಿನ ‘ಲಾಫ್’ಗಿಂತ ಆ ಕವಿಯ ಉಚ್ಚಾರಕ್ಕೇ ಹತ್ತಿರವಾಗಿತ್ತು. ಇದನ್ನು ತಿಳಿದ ದಿನ ನನಗೆ ಹಿಗ್ಗಾಗಲಿಲ್ಲ. ಶಾಲೆ ಬಿಟ್ಟ ಗೆಳೆಯನ ನೆನಪಾಯಿತು. ಅವನು ಹಿಡಿದ ನೇಗಿಲಿಗೆ ಇಂಗ್ಲಿಷಿನಲ್ಲಿ ‘ಪ್ಲೌ’ ಎನ್ನುತ್ತಾರೆ. ಅದರ ತುದಿಯಲ್ಲಿಯೂ ಆ ಎರಡಕ್ಷರಗಳು ಮೂಕವಾಗಿ ನಿಂತಿವೆ.

ಮುಂದೆ ನಾನೂ ಉಪಾಧ್ಯಾಯನಾದೆ. ಹಳ್ಳಿಯ ಮಗುವೊಂದು ‘ಲಾಘ್’ ಎಂದು ಓದಿದಾಗಲೆಲ್ಲ, “ನೀನು ಅಕ್ಷರವನ್ನು ಸರಿಯಾಗಿಯೇ ಓದಿದೆ, ಬದಲಾದದ್ದು ಇಂಗ್ಲಿಷು” ಎಂದು ಮೊದಲು ಹೇಳಿ, ಅನಂತರ ಈಗಿನ ಉಚ್ಚಾರವನ್ನು ಕಲಿಸುತ್ತಿದ್ದೆ. ಈ ಒಂದು ಮಾತು ಅಂದು ನಮ್ಮ ತರಗತಿಯಲ್ಲಿ ಕೇಳಿಬಂದಿದ್ದರೆ ನನ್ನ ಗೆಳೆಯ ಬಾಯಿ ತೆರೆಯುತ್ತಿದ್ದನೋ ಏನೋ.