ಉಭಯ ಕುಶಲೋಪರಿ

ಹಿಂದಿನವರು ಬರೆಯುತ್ತಿದ್ದ ಕಾಗದಗಳಿಗೆ ಒಂದು ಕಟ್ಟುಪಾಡಿತ್ತು. ಮೇಲ್ಭಾಗದಲ್ಲಿ ‘ಕ್ಷೇಮ’ ಎಂಬ ಮಾತು, ಬಲಕ್ಕೆ ಊರು ಮತ್ತು ತಾರೀಖು, ಕೆಳಗೆ ಬಂಧುವಿನ ಹಿರಿತನ ಕಿರಿತನಕ್ಕೆ ತಕ್ಕ ಒಕ್ಕಣೆ, ಅದರ ತರುವಾಯ ‘ಉಭಯ ಕುಶಲೋಪರಿ’. ಈ ಕಡೆ ನಾವೆಲ್ಲರೂ ಕ್ಷೇಮ, ಆ ಕಡೆ ನಿಮ್ಮ ಕ್ಷೇಮ ಸಮಾಚಾರಕ್ಕೆ ಆಗಾಗ್ಗೆ ಬರೆಯುತ್ತಿರಬೇಕು ಎಂಬಷ್ಟನ್ನು ಹೇಳದೆ ಯಾರೂ ವಿಷಯಕ್ಕೆ ಬರುತ್ತಿರಲಿಲ್ಲ. ನನ್ನ ತಂದೆಯವರು ಒಂದು ಮಳೆಗಾಲವಿಡೀ ಹಾಸಿಗೆ ಹಿಡಿದಿದ್ದರು. ಆಗಲೂ ಅವರು ಹೇಳಿ ನಾನು ಬರೆದುಕೊಳ್ಳುತ್ತಿದ್ದ ಕಾಗದಗಳು ‘ನಾವೆಲ್ಲರೂ ಕ್ಷೇಮ’ ಎಂದೇ ಮೊದಲಾಗುತ್ತಿದ್ದುವು. “ಅಪ್ಪಯ್ಯ, ನಿಮಗೆ ಹುಷಾರಿಲ್ಲವಲ್ಲ?” ಎಂದು ಕೇಳಿದರೆ, “ಅದು ಕಾಗದದಲ್ಲಿ ಬರೆಯುವ ಸಂಗತಿಯಲ್ಲ, ಬರಿ” ಎನ್ನುತ್ತಿದ್ದರು. ಸುಳ್ಳು ಹೇಳುವುದು ಅವರ ಸ್ವಭಾವವಾಗಿರಲಿಲ್ಲ. ತನ್ನ ದೇಹದ ಸೋಲನ್ನು ಇನ್ನೊಬ್ಬರ ಮುಂದೆ ಇಡುವುದು ಮರ್ಯಾದೆಯಲ್ಲವೆಂದು ಅವರು ನಂಬಿದ್ದರು. ಆ ನಂಬಿಕೆ ಕಾಗದಗಳ ಕಾಲದೊಂದಿಗೆ ಮುಗಿಯಲಿಲ್ಲ. ಅದು ನನ್ನಲ್ಲಿಯೂ ಉಳಿದಿತ್ತು. ಅದರಿಂದಾದ ಕೇಡನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಲೇಖನ.

ನಾನಿರುವುದು ಕಳಸದಲ್ಲಿ. ಬಹುಕಾಲ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದ ಈ ಊರು ಈಚೆಗೆ ತಾನೇ ಒಂದು ತಾಲ್ಲೂಕಾಗಿದೆ. ಮೇಲೆ ಕಳಸೇಶ್ವರನ ಗುಡಿ, ಕೆಳಗೆ ಭದ್ರೆಯ ಹೊಳೆ, ಸುತ್ತಲೂ ಕಾಫಿ, ಅಡಿಕೆ, ಕಾಳುಮೆಣಸು. ಹೊಳೆಯ ಗುಂಟ ಇರುವ ಪಂಚತೀರ್ಥಗಳಲ್ಲಿ ಅಂಬಾತೀರ್ಥವೂ ಒಂದು. ಅಲ್ಲಿ ಹೊಳೆ ಬಂಡೆಗಳ ನಡುವೆ ಇಕ್ಕಟ್ಟಿನಲ್ಲಿ ನುಗ್ಗುತ್ತದೆ. ಒಂದು ದೊಡ್ಡ ಬಂಡೆ ಇನ್ನೊಂದರ ಮೇಲೆ ಇಟ್ಟಂತೆ ಕುಳಿತಿದೆ. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಈ ಶಿಲೆಯನ್ನು ಒಂದೇ ಕೈಯಿಂದ ತಂದು ಸ್ಥಾಪಿಸಿದರೆಂದು ಅದರ ಮೇಲೆ ಸಂಸ್ಕೃತದಲ್ಲಿ ಚಿಕ್ಕದೊಂದು ಬರಹವಿದೆ. ಆಚಾರ್ಯರು ಶಾಸ್ತ್ರದಲ್ಲಿ ಹೇಗೋ ಅಂಗಬಲದಲ್ಲಿಯೂ ಹಾಗೆಯೇ ಅಸಾಧಾರಣರೆಂದು ‘ಮಧ್ವವಿಜಯ’ ವರ್ಣಿಸುತ್ತದೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಹುಡುಗರು ಅಂಗಿಯ ತೋಳು ಮೇಲೇರಿಸಿ ಆ ಬಂಡೆಗೆ ಭುಜ ಕೊಟ್ಟು ನೋಡುತ್ತಿದ್ದರು. ಬಂಡೆ ಅಲುಗುತ್ತಿರಲಿಲ್ಲ. ಎತ್ತಿದ ಕಲ್ಲಿಗೆ ಶಾಸನವುಂಟು. ಎತ್ತಲಾರದೆ ಬಿಟ್ಟ ಕಲ್ಲಿಗೆ ಶಾಸನವಿಲ್ಲ. ಲೋಕದ ರೀತಿಯೇ ಹಾಗೆ. ಆದರೆ ನಮ್ಮಂಥ ಸಾಮಾನ್ಯರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಯಾವ ಕಲ್ಲಿನ ಕಥೆ?

ಮಲೆನಾಡು ಒಂದು ಕಾಲಕ್ಕೆ ಚಳಿಜ್ವರದ ಬೀಡಾಗಿತ್ತೆಂಬುದು ಸರ್ವವಿದಿತ. ಡಿ.ಡಿ.ಟಿ. ಬಂದು, 1953ರಲ್ಲಿ ಮಲೇರಿಯಾ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಮೊದಲಾಗುವ ತನಕ ಘಟ್ಟದ ಮನೆಗಳಲ್ಲಿ ಕಂಬಳಿ ಹೊದೆದು ನಡುಗುವವರು ಇಲ್ಲದ ವರ್ಷವಿರಲಿಲ್ಲ. ಆ ಜ್ವರವನ್ನು ಮಾತ್ರ ಯಾರೂ ಮುಚ್ಚಿಡುತ್ತಿರಲಿಲ್ಲವೆಂದು ಹಿರಿಯರು ಹೇಳುತ್ತಿದ್ದರು. ಸಂತೆಯಲ್ಲಿ ಎದುರಾದವರು “ಜ್ವರ ಬಿಟ್ಟಿತೇ?” ಎಂದೇ ಮಾತು ತೆಗೆಯುತ್ತಿದ್ದರಂತೆ. ಎಲ್ಲರಿಗೂ ಬರುವ ರೋಗದಲ್ಲಿ ನಾಚಿಕೆಗೆ ಎಡೆಯೆಲ್ಲಿ? ಅದು ಸೊಳ್ಳೆಯ ತಪ್ಪು, ಕಾಡಿನ ತಪ್ಪು, ಮನುಷ್ಯನದಲ್ಲ.

ಇಂದಿನ ರೋಗಗಳ ಜಾತಿ ಬೇರೆ. ಭಾರತದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಇದೂ ಎಲ್ಲರ ಮನೆಯ ರೋಗವೇ. ಆದರೆ ಇಲ್ಲಿ ತಪ್ಪನ್ನು ಹೊರಿಸಲು ಸೊಳ್ಳೆಯಿಲ್ಲ. ಬರಿಹೊಟ್ಟೆಯ ರಕ್ತದಲ್ಲಿ ನೂರರೊಳಗೆ ಇರಬೇಕಾದ ಸಕ್ಕರೆಯ ಅಂಕಿ 126ನ್ನು ದಾಟಿದರೆ ಮಧುಮೇಹವೆಂದು ಲೆಕ್ಕ. ಈ ಅಂಕಿ ಏರಿದ ದಿನ, ಅನುವಂಶದ ಪಾಲೂ ಇದೆಯೆಂಬುದನ್ನು ಮರೆತು, ‘ನಾಲಗೆ ಕಟ್ಟದವನು’, ‘ಸೋಮಾರಿ’ ಎಂದು ನಮ್ಮನ್ನು ನಾವೇ ಹಳಿದುಕೊಳ್ಳುತ್ತೇವೆ. ಪರೀಕ್ಷೆಯಲ್ಲಿ ನಪಾಸಾದ ಹುಡುಗನಂತೆ ಚೀಟಿಯನ್ನು ಜೇಬಿನ ಆಳಕ್ಕೆ ಇಳಿಸುತ್ತೇವೆ.

ನಾಲ್ಕು ವರ್ಷದ ಹಿಂದೆ ಇಂಥ ಚೀಟಿಯುಳ್ಳ ನಾಲ್ವರು ನಮ್ಮೂರಿನಲ್ಲಿ ಒಟ್ಟುಗೂಡಿದೆವು. ಕಾಫಿ ತೋಟದ ಗೌಡರು, ದಿನಸಿ ಅಂಗಡಿಯ ಭಟ್ಟರು, ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದ ಶೆಟ್ಟರು, ಮತ್ತು ಹೈಸ್ಕೂಲು ಮೇಷ್ಟರಾಗಿದ್ದ ನಾನು. ಬೆಳಗಿನ ಜಾವ ಹೊರನಾಡಿನ ರಸ್ತೆ ಹಿಡಿದು, ಭದ್ರೆ ಉಕ್ಕಿದಾಗ ಮುಳುಗುವುದಕ್ಕೇ ಹೆಸರಾದ ಹೆಬ್ಬಾಳೆಯ ಸೇತುವೆಯ ಕಡೆಗೆ ನಡೆಯುವುದು; ಭಾನುವಾರ ಗುಡಿಯ ಮೆಟ್ಟಿಲ ಮೇಲೆ ಕುಳಿತು ವಾರದ ಲೆಕ್ಕ ಒಪ್ಪಿಸುವುದು. ಭಟ್ಟರು ತಮ್ಮ ಅಂಗಡಿಯ ಉದ್ದನೆಯ ಲೆಕ್ಕದ ಪುಸ್ತಕದಲ್ಲಿಯೇ ಗೆರೆ ಎಳೆದರು: ನಡೆದ ದಿನ, ದೇಹದ ತೂಕ, ಸಕ್ಕರೆ. ಮೊದಲ ವರ್ಷ ಅದು ನಮಗೆ ಹಬ್ಬವಾಯಿತು. ಶೆಟ್ಟರು ಆರು ಕಿಲೋ ಇಳಿದರು. ನನ್ನ ಅಂಕಿ ತಿಂಗಳು ತಿಂಗಳಿಗೆ ಇಳಿಯಿತು. “ಮೇಷ್ಟ್ರಿಗೆ ಫಸ್ಟ್ ಕ್ಲಾಸು” ಎಂದು ಗೌಡರು ಬೆನ್ನು ತಟ್ಟುತ್ತಿದ್ದರು. ಜೀವಮಾನವೆಲ್ಲ ಇನ್ನೊಬ್ಬರಿಗೆ ಅಂಕ ಕೊಟ್ಟವನಿಗೆ ತಾನೇ ಅಂಕ ಪಡೆಯುವ ಸುಖ ಎಷ್ಟೆಂಬುದು ಅಧ್ಯಾಪಕ ವಾಚಕರಿಗೆ ತಿಳಿದೀತು.

ಎರಡನೆಯ ವರ್ಷದ ಬೇಸಿಗೆಯಲ್ಲಿ ನಾನು ಎಡವಿದೆ. ತಂಗಿಯ ಮಗಳ ಮದುವೆ, ಹೋಳಿಗೆ, ಪಾಯಸ. ಅದು ಮುಗಿಯುವಷ್ಟರಲ್ಲಿ ಹಲಸಿನ ಕಾಲ. ಹಣ್ಣಿನ ಕಡುಬಿಗೆ ತುಪ್ಪ ಹಾಕಿಕೊಂಡು ತಿನ್ನುವ ಮಲೆನಾಡಿಗನ ಮುಂದೆ ಯಾವ ವೈದ್ಯರ ಉಪದೇಶ ನಿಂತೀತು? ಒಂದು ಶನಿವಾರ ನೋಡಿದರೆ ಅಂಕಿ 246. ಮಾರನೆಯ ದಿನ ಮೆಟ್ಟಿಲ ಮೇಲೆ ಭಟ್ಟರು ಪುಸ್ತಕ ಬಿಚ್ಚಿ, “ಮೇಷ್ಟ್ರೇ, ನಿಮ್ದು?” ಎಂದರು. ನನ್ನ ಬಾಯಿಂದ ಸಲೀಸಾಗಿ ಹೊರಟಿತು: “ನೂರ ಹದಿನೆಂಟು.” ಭಟ್ಟರು ಬರೆದುಕೊಂಡರು. ಗೌಡರು ಒಂದು ಕ್ಷಣ ಸುಮ್ಮನಿದ್ದು, “ನಂದು ನೂರ ಮೂವತ್ತು” ಎಂದರು.

ಅದಾದ ಎರಡು ವಾರಕ್ಕೆ ಗೌಡರು ಬರುವುದನ್ನು ಬಿಟ್ಟರು. ಮಳೆ ಹಿಡಿಯಿತು, ತೋಟದಲ್ಲಿ ಕೆಲಸ, ಇಂಬಳದ ಕಾಟ ಎಂದು ಕಾರಣ ಹೇಳಿದರು. ನಾವೂ ಒಪ್ಪಿದೆವು. ಸಕ್ಕರೆ ಬಹುಕಾಲ ಹತೋಟಿ ತಪ್ಪಿದ್ದರೆ ಪಾದದ ನರಗಳು ಮಂಕಾಗುತ್ತವೆ. ಗಾಯವಾದರೂ ನೋವು ತಿಳಿಯುವುದಿಲ್ಲ, ಆದ ಗಾಯ ಬೇಗ ಮಾಯುವುದಿಲ್ಲ. ಮಳೆಗಾಲವಿಡೀ ಒದ್ದೆಯ ಗಮ್‌ಬೂಟಿನೊಳಗೆ ಇರುವ ತೋಟದವರ ಕಾಲಿಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಗೌಡರ ಎಡಗಾಲಿನ ಬೆರಳ ಸಂದಿಯಲ್ಲಿ ಬೂಟು ಉಜ್ಜಿ ಆದ ಹುಣ್ಣು ಅವರ ಅರಿವಿಗೆ ಬಂದದ್ದು ಕಾಲುಚೀಲಕ್ಕೆ ಕೀವು ಅಂಟಿದ ಮೇಲೆ. ಜ್ವರ ಏರಿ ಮಂಗಳೂರಿನ ಆಸ್ಪತ್ರೆಗೆ ಒಯ್ದರು. ಒಂದು ಬೆರಳನ್ನು ತೆಗೆಯಬೇಕಾಯಿತು.

ನಾನು ನೋಡಲು ಹೋದಾಗ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬಹಳ ಹೊತ್ತಿನ ಮೇಲೆ ಹೇಳಿದರು: “ಅವತ್ತು ನಂದು ಇನ್ನೂರ ಹತ್ತು ಇತ್ತು ಮೇಷ್ಟ್ರೇ. ಹೇಳಬೇಕು ಅಂತಲೇ ಬಂದಿದ್ದೆ. ನೀವು ನೂರ ಹದಿನೆಂಟು ಅಂದ್ರಿ. ಅದೇ ದಾರಿ ನಡೆದವರು, ಅವರಿಗೆ ಆಗಿದ್ದು ನನ್ನ ಕೈಲಿ ಆಗ್ಲಿಲ್ವಲ್ಲ ಅನ್ನಿಸ್ತು. ಆಮೇಲೆ ನೋಡಿಸೋದೇ ಬೇಡ ಅಂತ ಬಿಟ್ಟೆ.”

ನಾನು ನಿಜವನ್ನು ಹೇಳಿದೆ. ಆ ಹತ್ತು ಮಾತುಗಳನ್ನು ಆಡುವುದು ಮೂವತ್ತು ವರ್ಷದ ಪಾಠಗಳಿಗಿಂತ ಕಷ್ಟವಾಯಿತು. ಗೌಡರು ನನ್ನನ್ನು ದಿಟ್ಟಿಸಿ ನೋಡಿದರು. ಕೋಪ ಮಾಡಿದ್ದರೆ ಒಳ್ಳೆಯದಿತ್ತು. “ಅವತ್ತೇ ಹೇಳಿದ್ರೆ, ಇಬ್ರೂ ಕೂತು ಹಲಸಿನ ಹಣ್ಣಿಗೆ ಬೈಬಹುದಿತ್ತು” ಎಂದರು.

ನನ್ನ ಸುಳ್ಳಿನಿಂದಲೇ ಅವರ ಬೆರಳು ಹೋಯಿತೆಂದು ಯಾವ ವೈದ್ಯರೂ ಬರೆದುಕೊಡಲಾರರು. ಆದರೆ ಜೊತೆಗಾರನೊಬ್ಬನು ತನ್ನ ಗೆಲುವನ್ನು ಮಾತ್ರ ತೋರಿಸಿದರೆ ಅದು ಇನ್ನೊಬ್ಬನಿಗೆ ಉತ್ತೇಜನವಾಗುವುದಕ್ಕೆ ಬದಲು ಬಾಗಿಲು ಮುಚ್ಚಿದಂತಾಗಬಹುದೆಂಬುದನ್ನು ನಾನು ಅಂದು ಅರಿತೆ.

ಈ ಮಾತು ಲೋಕಕ್ಕೆ ಹೊಸದಲ್ಲ. 1905ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಪ್ರ್ಯಾಟ್ ಎಂಬ ವೈದ್ಯರು ಕ್ಷಯರೋಗಿಗಳಿಗಾಗಿ ಒಂದು ತರಗತಿ ತೆರೆದರು. ಆರೋಗ್ಯಧಾಮಕ್ಕೆ ಹೋಗುವ ಶಕ್ತಿಯಿಲ್ಲದ ಬಡವರು ಅವರು. ಪ್ರತಿಯೊಬ್ಬರೂ ಜ್ವರ, ಆಹಾರ, ವಿಶ್ರಾಂತಿಗಳನ್ನು ದಿನಚರಿಯಲ್ಲಿ ಬರೆದಿಡಬೇಕು. ವಾರಕ್ಕೊಮ್ಮೆ ಕೂಡಿದಾಗ ತೂಕ ನೋಡಿ, ದಿನಚರಿಯನ್ನು ಮುಂದಿಡಬೇಕು. ಜಾತಿ ಮತ ಬೇರೆಯಾದ ಆ ಜನರನ್ನು ಒಂದೇ ರೋಗವು ಬಂಧುಗಳನ್ನಾಗಿ ಮಾಡಿತು. ಔಷಧವಿಲ್ಲದ ಆ ಕಾಲದಲ್ಲಿ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಧೈರ್ಯವಾಗಿತ್ತು.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಗಾಂಧೀಜಿಯವರಿದ್ದಾರೆ. 1927ರಲ್ಲಿ ಖಾದಿ ಪ್ರವಾಸದ ನಡುವೆ ರಕ್ತದೊತ್ತಡ ಏರಿ ಕುಸಿದ ಅವರು ಆ ಬೇಸಿಗೆಯನ್ನು ನಮ್ಮ ನಂದಿಬೆಟ್ಟದಲ್ಲಿಯೇ ವಿಶ್ರಾಂತಿಯಲ್ಲಿ ಕಳೆದರು. ಎರಡು ವರ್ಷದ ಮೇಲೆ, 1929ರಲ್ಲಿ, ಬೇಯಿಸದ ಆಹಾರವನ್ನೇ ತಿಂದು ಬದುಕುವ ಪ್ರಯೋಗಕ್ಕೆ ಸಂಗಡಿಗರೊಡನೆ ಕೈಹಾಕಿ, ಅದರ ವಿವರವನ್ನು ಜೂನ್ ತಿಂಗಳ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಉತ್ಸಾಹದಿಂದ ಪ್ರಕಟಿಸಿದರು. ಆಗಸ್ಟ್ ವೇಳೆಗೆ ಆಮಶಂಕೆ ಹಿಡಿದು ಪ್ರಯೋಗ ಕೈಬಿಡಬೇಕಾಯಿತು. ಅದನ್ನೂ ಅದೇ ಪತ್ರಿಕೆಯ ಓದುಗರಿಗೆ ತಿಳಿಸಿದರು. ದೇಶವೇ ತಮ್ಮ ಕಡೆ ನೋಡುತ್ತಿದ್ದಾಗ ತಮ್ಮ ಹೊಟ್ಟೆಯ ಸೋಲನ್ನು ಅಚ್ಚು ಹಾಕಿಸುವುದು ಕಡಮೆ ಧೈರ್ಯವಲ್ಲ. ಆ ಎರಡನೆಯ ಬರಹ ಬರದೆ ಹೋಗಿದ್ದರೆ, ಮೊದಲನೆಯದನ್ನು ನಂಬಿ ಎಷ್ಟು ಜನ ಹಸಿ ಧಾನ್ಯ ತಿಂದು ನರಳುತ್ತಿದ್ದರೋ!

ಅಂಕಿ ಅಂಶಗಳನ್ನು ಬಯಸುವ ವಿದ್ಯಾರ್ಥಿಗಳಿಗೆ ಇನ್ನೊಂದು ಸಂಗತಿ. ಫಿಲಡೆಲ್ಫಿಯಾದಲ್ಲಿ ಸಕ್ಕರೆ ಹದ್ದುಮೀರಿದ್ದ ಮಾಜಿ ಸೈನಿಕರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ, ಹಿಂದೆ ತಾವೂ ಹಾಗೆಯೇ ಹದ್ದುಮೀರಿದ್ದು ಆಮೇಲೆ ಸುಧಾರಿಸಿಕೊಂಡ ಜೊತೆಗಾರರನ್ನು ಕೊಟ್ಟರು. ಆರು ತಿಂಗಳಲ್ಲಿ ಆ ಗುಂಪಿನ, ಮೂರು ತಿಂಗಳ ಸರಾಸರಿಯನ್ನು ತೋರಿಸುವ ಸಕ್ಕರೆಯ ಅಂಕಿ 9.8ರಿಂದ 8.7ಕ್ಕೆ ಇಳಿಯಿತು, ಮಾಮೂಲು ಚಿಕಿತ್ಸೆ ಮಾತ್ರ ಪಡೆದವರದು 9.9 ಇದ್ದದ್ದು 9.8ರಲ್ಲಿಯೇ ನಿಂತಿತು. ಅವರು ಆರಿಸಿದ್ದು ಎಂದೂ ಬೀಳದವರನ್ನಲ್ಲ, ಬಿದ್ದು ಎದ್ದವರನ್ನು.

ಹಾಗೆಂದು ರೋಗವನ್ನು ಬೀದಿಯಲ್ಲಿ ಸಾರಿಕೊಂಡು ಬರಬೇಕೆಂದು ನನ್ನ ಅಭಿಪ್ರಾಯವಲ್ಲ. ನಮ್ಮ ಜನ ಬಾಯಿ ಬಿಡಲು ಹೆದರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಒಂದು ರೋಗ ಹೇಳಿದರೆ ಐದು ಔಷಧ ಬರುತ್ತದೆ: ಹಾಗಲಕಾಯಿ ರಸ, ಅಮೃತಬಳ್ಳಿ ಕಷಾಯ, ಮೆಂತೆ ನೆನೆಸಿದ ನೀರು, ಯಾರದೋ ಭಾವನಿಗೆ ಗುಣವಾದ ಪುಡಿ, ಕಡೆಗೆ ಒಂದು ಹರಕೆ. ಆದ್ದರಿಂದ ಗೌಡರು ಮರಳಿ ಬಂದ ಮೇಲೆ ನಾವು ಮೂರು ಕಟ್ಟಳೆ ಮಾಡಿಕೊಂಡೆವು. ಕೇಳದೆ ಯಾರೂ ಔಷಧ ಹೇಳಕೂಡದು. ಅದು ವೈದ್ಯರ ಕೆಲಸ. ಮೆಟ್ಟಿಲ ಮೇಲೆ ಆಡಿದ್ದು ಮೆಟ್ಟಿಲಿಳಿದು ಊರಿಗೆ ಹೋಗಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ವಾರದ ಕೆಟ್ಟ ಸುದ್ದಿಯನ್ನು ಮೊದಲು ಹೇಳಬೇಕು, ಒಳ್ಳೆಯದು ಆಮೇಲೆ. ಭಟ್ಟರು ಪುಸ್ತಕದಲ್ಲಿ ನಾಲ್ಕನೆಯ ಗೆರೆ ಎಳೆದು ಅದರ ನೆತ್ತಿಗೆ ‘ಸೋಲು’ ಎಂದು ಬರೆದರು.

ಈ ಪುಸ್ತಕವನ್ನು ಒಮ್ಮೆ ಮನೆಗೆ ತಂದಿದ್ದೆ. ನನ್ನ ಮನೆಯಾಕೆ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿ, “ನಾಲ್ಕು ಜನ ಗಂಡಸರ ಸಕ್ಕರೆ ಸಿಕ್ಕಿತು. ನನ್ನ ಮೊಣಕಾಲಿನ ಲೆಕ್ಕ ಯಾವ ಪುಸ್ತಕದಲ್ಲಿದೆ?” ಎಂದಳು. ಅವಳ ಮೊಣಕಾಲು ನೋಯುತ್ತಿದ್ದುದು ನನಗೆ ಗೊತ್ತೇ ಇರಲಿಲ್ಲ. ಕೇಳಿದವರಿಗೆಲ್ಲ ಅವಳೂ ‘ಕ್ಷೇಮ’ ಎಂದೇ ಹೇಳುತ್ತಿದ್ದಳು. ಈಗ ಪಕ್ಕದ ಬೀದಿಯ ಮೂವರು ಹೆಂಗಸರೊಡನೆ ಅವಳದೂ ಒಂದು ಪುಸ್ತಕ ನಡೆದಿದೆ. ಅದನ್ನು ನನಗೆ ತೋರಿಸುವುದಿಲ್ಲ. ಅದು ಅವರ ಕಟ್ಟಳೆ.

ಕಳೆದ ಭಾನುವಾರ ಗೌಡರು ಮೆಟ್ಟಿಲ ಮೇಲೆ ಕೋಲನ್ನು ಪಕ್ಕಕ್ಕಿಟ್ಟು ಕುಳಿತು, ಎರಡು ದಿನ ಮಾತ್ರ ನಡೆದೆನೆಂದೂ, ಒಂದು ಸಂಜೆ ಮೊಮ್ಮಗಳೊಡನೆ ಬೆಲ್ಲದ ಕಾಫಿ ಕುಡಿದೆನೆಂದೂ, ಪಾದಗಳನ್ನು ಮಾತ್ರ ದಿನವೂ ಕನ್ನಡಿ ಹಿಡಿದು ನೋಡಿದೆನೆಂದೂ ಒಪ್ಪಿಸಿದರು. ಅಂಕಿ 152. ಶೆಟ್ಟರದು 121. ನನ್ನ ಸರದಿ ಬಂತು. “ನೂರ ಅರವತ್ತನಾಲ್ಕು” ಎಂದೆ. ಗೌಡರು ಭಟ್ಟರ ಕೈಯಿಂದ ಪುಸ್ತಕ ತೆಗೆದುಕೊಂಡು ತಾವೇ ಬರೆದರು.

ವಾಚಕರಲ್ಲಿ ಯಾರಾದರೂ ಇಂದು ಸ್ನೇಹಿತರಿಗೆ ಕಾಗದ ಬರೆಯುವವರಿದ್ದರೆ, ಅಥವಾ ಫೋನಿನಲ್ಲಿ ಮಾತಾಡುವವರಿದ್ದರೆ, ‘ಕ್ಷೇಮ’ ಎಂದು ಬಾಯಿಗೆ ಬಂದೊಡನೆ ಒಂದು ಗಳಿಗೆ ತಡೆಯಲಿ. ಕ್ಷೇಮವಾಗಿದ್ದರೆ ಸರಿಯೇ. ಇಲ್ಲದಿದ್ದರೆ ಇಲ್ಲವೆಂದು ಹೇಳಲಿ. ಆ ಕಡೆ ಇರುವವರೂ ಆ ಮಾತಿಗಾಗಿಯೇ ಕಾದಿರಬಹುದು.