ಹೆಡ್‌ಲೈಟ್ ಬಲ್ಬು ಬದಲಿಸುವ ಮುನ್ನ

ಕಾರಿನ ಬೆಳಕು ಸಾಲದೆಂದು ಹೆಚ್ಚು ವಾಟ್‌ನ ಬಲ್ಬನ್ನು ಮನೆಯಲ್ಲೇ ಹಾಕಿಕೊಳ್ಳಬೇಕೆಂದಿದ್ದೀರಾ? ಮೊದಲು ಒಂದು ಸಣ್ಣ ಲೆಕ್ಕ ಮಾಡಿ.

ಎಚ್4 ಹ್ಯಾಲೊಜೆನ್ ಬಲ್ಬಿನಲ್ಲಿ ಎರಡು ತಂತುಗಳಿವೆ: ಹೈಬೀಮ್‌ಗೆ 60 ವಾಟ್, ಲೋಬೀಮ್‌ಗೆ 55 ವಾಟ್. 12 ವೋಲ್ಟ್‌ನಲ್ಲಿ 60 ವಾಟ್‌ನ ತಂತು ಸೆಳೆಯುವ ವಿದ್ಯುತ್ಪ್ರವಾಹ 5 ಆಂಪೇರ್. 100 ವಾಟ್‌ನದಾದರೆ ಸುಮಾರು 8.3 ಆಂಪೇರ್. ಜೂಲ್ ನಿಯಮದಂತೆ ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ಉಷ್ಣ ಸುಮಾರು 2.8 ಪಟ್ಟು! ಹೋಲ್ಡರ್ ಸುಡಬಹುದು, ತಂತಿಯ ಹೊದಿಕೆ ಕರಗಬಹುದು. ಫ್ಯೂಸ್ ಹೋಯಿತೆಂದು ದೊಡ್ಡ ಫ್ಯೂಸ್ ಹಾಕಿದರೆ ಬೆಂಕಿಯ ಅಪಾಯ.

ಇನ್ನೊಂದು ಅಪಾಯ ಎದುರಿನವರಿಗೆ. ಲೋಬೀಮ್ ತಂತುವು ಪ್ರತಿಫಲಕದ ನಾಭಿಗಿಂತ ತುಸು ಮುಂದಿದ್ದು, ಅದರ ಕೆಳಗೆ ಪುಟ್ಟ ಲೋಹದ ತಡೆಯಿದೆ. ಹೀಗಾಗಿ ಬೆಳಕು ಪ್ರತಿಫಲಕದ ಮೇಲರ್ಧಕ್ಕೆ ಮಾತ್ರ ತಾಗಿ ರಸ್ತೆಯತ್ತ ಇಳಿಯುತ್ತದೆ. ಬಲ್ಬು ವಾರೆಯಾಗಿ ಕೂತರೆ, ಅಥವಾ ಎಲ್‌ಇಡಿ ಬಲ್ಬಿನ ಬೆಳಗುವ ಭಾಗ ತಂತುವಿನ ಜಾಗದಲ್ಲಿರದಿದ್ದರೆ, ಬೆಳಕು ಎದುರಿನ ಚಾಲಕರ ಕಣ್ಣು ಕುಕ್ಕುತ್ತದೆ. ಗಂಟೆಗೆ 60 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ ಎಂಬುದನ್ನು ನೆನಪಿಡಿ.

ಆದ್ದರಿಂದ ಮೂಲದಷ್ಟೇ ವಾಟ್‌ನ ಬಲ್ಬು ಆರಿಸಿ. ದೀಪ ಆರಿಸಿ, ತಣಿದ ಮೇಲೆ ಬದಲಿಸಿ. ಗಾಜನ್ನು ಬೆರಳಿನಿಂದ ಮುಟ್ಟಬೇಡಿ. ಅಂಟಿದ ಜಿಡ್ಡಿನಿಂದ ಆ ಭಾಗ ಅತಿಯಾಗಿ ಕಾದು ಗಾಜು ಹಾಳಾಗುತ್ತದೆ.

ಕೊನೆಗೆ ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ ಲೋಬೀಮ್ ಹಾಕಿ. ಇಳಿಜಾರು ಶೇಕಡ 1 ಇರಬೇಕಾದರೆ, ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ 10 ಸೆಂ.ಮೀ. ಕೆಳಗಿರಬೇಕು. ದೀಪ 65 ಸೆಂ.ಮೀ. ಎತ್ತರದಲ್ಲಿದ್ದರೆ ಆ ಅಂಚು ನೆಲವನ್ನು ಎಷ್ಟು ದೂರದಲ್ಲಿ ಮುಟ್ಟುತ್ತದೆ? ಸದೃಶ ತ್ರಿಭುಜಗಳಿಂದ ಲೆಕ್ಕ ಹಾಕಿ ನೋಡಿ. (ಉತ್ತರ: 65 ಮೀಟರ್)