ಬರವಣಿಗೆಯ ಪದವಿ: ಗಳಿಕೆ ಮತ್ತು ಸಾಲದ ಲೆಕ್ಕ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ, ಮಕ್ಕಳು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದಾಗ, ಕಾಲೇಜಿನ ಮಾತು ಏಳುತ್ತದೆ. ಮಗ ಕಂಪ್ಯೂಟರ್ ವಿಜ್ಞಾನವನ್ನು ಆರಿಸಿಕೊಂಡರೆ ಚರ್ಚೆ ಬೇಗ ಮುಗಿಯುತ್ತದೆ. ಮಗಳು "ನಾನು ಸೃಜನಶೀಲ ಬರವಣಿಗೆಯನ್ನು ಓದುತ್ತೇನಮ್ಮಾ" ಎಂದರೆ ಮನೆಯಲ್ಲಿ ಮೌನ ಕವಿಯುತ್ತದೆ. ಹೆತ್ತವರಿಗೆ ಭಯ, ಮಕ್ಕಳಿಗೆ ಹಂಬಲ; ಇವೆರಡರ ನಡುವೆ ನಡೆಯಬೇಕಾದ ಲೆಕ್ಕ ಮಾತ್ರ ನಡೆಯುವುದೇ ಇಲ್ಲ. ಆ ಲೆಕ್ಕವನ್ನು ಮಾಡುವ ಬಗೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬರವಣಿಗೆಯನ್ನು ವಿಶ್ವವಿದ್ಯಾಲಯದಲ್ಲಿ ಕಲಿಸುವ ಪದ್ಧತಿ ಅಮೆರಿಕದಲ್ಲಿ ಹಳೆಯದು. ಅಯೋವಾ ವಿಶ್ವವಿದ್ಯಾಲಯದ ರೈಟರ್ಸ್ ವರ್ಕ್‌ಶಾಪ್ ಆರಂಭವಾದದ್ದು 1936ರಲ್ಲಿ. ಇಂದು ನಾಲ್ಕು ವರ್ಷಗಳ ಪದವಿಯೂ ಅದರ ಮೇಲಿನ ಎಂ.ಎಫ್.ಎ. ಪದವಿಯೂ ದೇಶದ ಅನೇಕ ಕಾಲೇಜುಗಳಲ್ಲಿ ದೊರೆಯುತ್ತವೆ. ಆದುದರಿಂದ ಇಂಥ ಪದವಿ ಇರಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ಯಾವ ಬೆಲೆಗೆ, ಯಾರ ಸಾಲದ ಮೇಲೆ ಎಂಬುದೇ ಪ್ರಶ್ನೆ.

ಗಳಿಕೆಯ ಅಂಕಿಗಳನ್ನು ಓದುವ ಬಗೆ

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ, 2023ರ ಮೇ ತಿಂಗಳಲ್ಲಿ ಲೇಖಕರ ವಾರ್ಷಿಕ ವೇತನದ ಮಧ್ಯಾಂಕ 73,690 ಡಾಲರು; ಸಂಪಾದಕರದು 75,020; ತಾಂತ್ರಿಕ ಬರಹಗಾರರದು 80,050. ಮೊದಲ ನೋಟಕ್ಕೆ ಇವು ಧೈರ್ಯ ಕೊಡುವ ಅಂಕಿಗಳು. ಆದರೆ ಇವನ್ನು ಓದುವಾಗ ಎರಡು ಎಚ್ಚರಿಕೆಗಳು ಬೇಕು. ಮೊದಲನೆಯದಾಗಿ, ಇಲ್ಲಿ ಲೆಕ್ಕಕ್ಕೆ ಬಂದವರು ಸಂಬಳದ ನೌಕರಿಯಲ್ಲಿರುವವರು ಮಾತ್ರ; ಸ್ವತಂತ್ರವಾಗಿ ಬರೆದು ಬದುಕುವವರು ಈ ಸಮೀಕ್ಷೆಯ ಹೊರಗೆ ಉಳಿಯುತ್ತಾರೆ. ಎರಡನೆಯದಾಗಿ, ಇದು ಆ ಉದ್ಯೋಗ ದೊರೆತವರ ಗಳಿಕೆಯೇ ಹೊರತು ಆ ಪದವಿ ಪಡೆದವರ ಗಳಿಕೆಯಲ್ಲ. ಬರವಣಿಗೆ ಓದಿ ಅಂಗಡಿಯಲ್ಲೋ ಕಚೇರಿಯಲ್ಲೋ ಬೇರೆ ಕೆಲಸಕ್ಕೆ ಸೇರಿದವರು ಇದರಲ್ಲಿ ಕಾಣುವುದಿಲ್ಲ.

ಪದವೀಧರರ ಗಳಿಕೆಯನ್ನು ತಿಳಿಯಲು ಶಿಕ್ಷಣ ಇಲಾಖೆಯ ಕಾಲೇಜ್ ಸ್ಕೋರ್‌ಕಾರ್ಡ್ ಹೆಚ್ಚು ಉಪಯುಕ್ತ. ಒಂದು ಕಾಲೇಜಿನ ಒಂದು ವಿಭಾಗದಲ್ಲಿ ಓದಿದವರ ಸಾಲದ ಮಧ್ಯಾಂಕವನ್ನೂ ಗಳಿಕೆಯ ಮಧ್ಯಾಂಕವನ್ನೂ ಅದು ಅಕ್ಕಪಕ್ಕದಲ್ಲಿ ತೋರಿಸುತ್ತದೆ. ಇದಕ್ಕೂ ಮಿತಿಗಳುಂಟು. ಸರ್ಕಾರದ ಸಾಲ ಅಥವಾ ಸಹಾಯಧನ ಪಡೆದವರ ಗಳಿಕೆ ಮಾತ್ರ ಅದರಲ್ಲಿ ಸೇರಿರುತ್ತದೆ. ವಿದ್ಯಾರ್ಥಿಗಳ ಸಂಖ್ಯೆ ತೀರ ಕಡಿಮೆಯಿದ್ದರೆ, ಖಾಸಗಿತನದ ಕಾರಣದಿಂದ, ಅಂಕಿಯನ್ನೇ ಪ್ರಕಟಿಸುವುದಿಲ್ಲ. ಬರವಣಿಗೆಯ ವಿಭಾಗಗಳು ಸಾಮಾನ್ಯವಾಗಿ ಚಿಕ್ಕವಾದ್ದರಿಂದ ಈ ತೊಡಕು ಮತ್ತೆ ಮತ್ತೆ ಎದುರಾಗುತ್ತದೆ. ಅಲ್ಲದೆ ಈ ಅಂಕಿಗಳು ಕೆಲವು ವರ್ಷಗಳ ಹಿಂದೆ ಓದು ಮುಗಿಸಿದವರವು. ಯಂತ್ರವೇ ಬರೆದುಕೊಡುವ ಈ ಕಾಲದ ಮಾರುಕಟ್ಟೆಯನ್ನು ಅವು ಪೂರ್ತಿಯಾಗಿ ತೋರಿಸಲಾರವು.

ಸಾಲದ ಎರಡು ಪುಸ್ತಕಗಳು

ತಂದೆತಾಯಿಯರ ಆಶ್ರಯದಲ್ಲಿರುವ ವಿದ್ಯಾರ್ಥಿಯು ಕೇಂದ್ರ ಸರ್ಕಾರದಿಂದ ತನ್ನ ಹೆಸರಿನಲ್ಲಿ ಪಡೆಯಬಹುದಾದ ಸಾಲಕ್ಕೆ ಮಿತಿಯಿದೆ: ಮೊದಲ ವರ್ಷ 5,500 ಡಾಲರು, ಎರಡನೆಯ ವರ್ಷ 6,500, ಅನಂತರ ವರ್ಷಕ್ಕೆ 7,500. ನಾಲ್ಕು ವರ್ಷಗಳಲ್ಲಿ ಒಟ್ಟು 27,000. ಇದಕ್ಕೆ 2025-26ನೇ ಸಾಲಿನ ಶೇಕಡಾ 6.39ರ ಬಡ್ಡಿಯನ್ನು ಹಾಕಿ, ಹತ್ತು ವರ್ಷಗಳಲ್ಲಿ ತೀರಿಸುವುದಾದರೆ, ತಿಂಗಳ ಕಂತು ಸುಮಾರು 305 ಡಾಲರು. ಒಟ್ಟು ಪಾವತಿ ಸುಮಾರು 36,600. ಇದನ್ನೇ ಹದಿನೈದು ವರ್ಷಗಳಿಗೆ ಎಳೆದರೆ ಕಂತು 234ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಪಾವತಿ 42,000 ದಾಟುತ್ತದೆ. ಕಂತು ಹಗುರವಾದಷ್ಟೂ ಬಡ್ಡಿ ಭಾರವಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಎರಡನೆಯ ಪುಸ್ತಕ ಹೆತ್ತವರದು. ಖಾಸಗಿ ಕಾಲೇಜುಗಳ ವೆಚ್ಚ ಈ 27,000ವನ್ನು ಎಷ್ಟೋ ಪಾಲು ಮೀರುವುದರಿಂದ, ಉಳಿದ ಹಣಕ್ಕೆ ಪೇರೆಂಟ್ ಪ್ಲಸ್ ಎಂಬ ಸಾಲವನ್ನು ಮುಂದಿಡಲಾಗುತ್ತದೆ. 2025-26ರಲ್ಲಿ ಅದರ ಬಡ್ಡಿ ಶೇಕಡಾ 8.94. 2025ರ ಜುಲೈನಲ್ಲಿ ಜಾರಿಯಾದ ಕಾಯ್ದೆಯು, 2026ರ ಜುಲೈ 1ರಿಂದ ಅನ್ವಯವಾಗುವಂತೆ, ಇದಕ್ಕೆ ಒಬ್ಬ ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರಿನ ಮಿತಿಯನ್ನು ವಿಧಿಸಿದೆ. ಆ 65,000ವನ್ನು ಪೂರ್ತಿ ಪಡೆದು ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 820 ಡಾಲರು. ಈ ಸಾಲಕ್ಕೆ ಕಾನೂನಿನಂತೆ ಹೊಣೆಗಾರರು ತಂದೆತಾಯಿಯರೇ, ಮಗುವಲ್ಲ. ನಲವತ್ತೆಂಟು ಐವತ್ತರ ವಯಸ್ಸಿನಲ್ಲಿ ಇದಕ್ಕೆ ಸಹಿ ಹಾಕುವವರು ತಮ್ಮ ನಿವೃತ್ತಿಯ ಹಣದ ಮೇಲೆ ಸಹಿ ಹಾಕುತ್ತಿದ್ದಾರೆಂಬುದನ್ನು ಅರಿಯಬೇಕು. ದಿವಾಳಿಯಾದರೂ ವಿದ್ಯಾಸಾಲದಿಂದ ಬಿಡುಗಡೆ ಪಡೆಯುವುದು ಬಲು ಕಷ್ಟ.

ಉದಾಹರಣೆಗೆ, ಪದವಿ ಮುಗಿಸಿದ ಮಗಳ ಮೊದಲ ಸಂಬಳ ವರ್ಷಕ್ಕೆ 45,000 ಡಾಲರು ಎಂದು ಇಟ್ಟುಕೊಳ್ಳೋಣ. ತೆರಿಗೆಗೆ ಮುನ್ನ ತಿಂಗಳಿಗೆ 3,750. 305ರ ಕಂತು ಅದರ ಹನ್ನೆರಡನೆಯ ಒಂದು ಪಾಲು, ಹೊರಬಹುದಾದ ಹೊರೆ. ಅಪ್ಪ ಅಮ್ಮನ ಕಂತನ್ನೂ ತಾನೇ ಕಟ್ಟುತ್ತೇನೆಂದು ಅವಳು ಹೊರಟರೆ ಅದು 1,125 ಆಗುತ್ತದೆ. ಸಂಬಳದ ಶೇಕಡಾ 30. ಬಾಡಿಗೆ, ಕಾರು, ವಿಮೆ ಇವುಗಳ ನಂತರ ಬರೆಯಲು ಬೇಕಾದ ಬಿಡುವೇ ಅವಳಿಗೆ ಉಳಿಯದು. ಒಟ್ಟು ಸಾಲ ಮೊದಲ ವರ್ಷದ ಸಂಬಳವನ್ನು ಮೀರಬಾರದು ಎಂಬ ರೂಢಿಯ ಸೂತ್ರದ ಹಿಂದೆ ಇರುವುದು ಇದೇ ವಿವೇಕ.

ವೀಸಾದ ಪ್ರಶ್ನೆ

ನಮ್ಮವರಲ್ಲಿ ಹಲವರಿಗೆ ಇನ್ನೊಂದು ತೊಡಕಿದೆ. ಗ್ರೀನ್ ಕಾರ್ಡಿನ ಸರದಿಯಲ್ಲಿ ಕಾಯುತ್ತಿರುವವರ ಮಕ್ಕಳು ಎಚ್-4 ವೀಸಾದಲ್ಲಿದ್ದರೆ ಕೇಂದ್ರ ಸರ್ಕಾರದ ವಿದ್ಯಾಸಾಲಕ್ಕೆ ಅರ್ಹರಲ್ಲ. ಇಪ್ಪತ್ತೊಂದು ತುಂಬಿದಾಗ ಅವರು ಎಚ್-4 ಸ್ಥಾನವನ್ನೂ ಕಳೆದುಕೊಳ್ಳುತ್ತಾರೆ. ಅನಂತರ ಎಫ್-1 ವೀಸಾಕ್ಕೆ ಬದಲಾಯಿಸಿಕೊಂಡರೆ, ಓದಿನ ಬಳಿಕ ಕೆಲಸ ಮಾಡಲು ಒಂದು ವರ್ಷದ ಅವಕಾಶವಿದೆ. ವಿಜ್ಞಾನ ಮತ್ತು ತಂತ್ರಜ್ಞಾನದ ಪದವೀಧರರಿಗೆ ದೊರೆಯುವ ಹೆಚ್ಚುವರಿ ಎರಡು ವರ್ಷ ಸೃಜನಶೀಲ ಬರವಣಿಗೆಯ ಪದವಿಗೆ ಇಲ್ಲ. ಇಂಥ ಮನೆಗಳಲ್ಲಿ ಹೆತ್ತವರ ಭಯವನ್ನು ಸಂಕುಚಿತ ಮನಸ್ಸೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಹೊರೆ ಇಳಿಸುವ ದಾರಿಗಳು

ಎಂ.ಎಫ್.ಎ. ಪದವಿಗೆ ಸಾಲ ಮಾಡುವ ಮುನ್ನ ಎರಡು ಬಾರಿ ಯೋಚಿಸಬೇಕು. ಬೋಧನಾ ಶುಲ್ಕವನ್ನು ಮನ್ನಾ ಮಾಡಿ, ಕೆಳತರಗತಿಗಳಿಗೆ ಪಾಠ ಹೇಳಿದ್ದಕ್ಕೆ ವೇತನ ಕೊಡುವ ವಿಶ್ವವಿದ್ಯಾಲಯಗಳಿವೆ. ಅಲ್ಲಿ ಪ್ರವೇಶ ಸಿಕ್ಕದಿದ್ದರೆ ಒಂದೆರಡು ವರ್ಷ ಕೆಲಸ ಮಾಡಿ, ಬರೆದು, ಮತ್ತೆ ಅರ್ಜಿ ಹಾಕುವುದು ಲೇಸು. ಮೊದಲ ಪದವಿಗೆ, ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದ ಶುಲ್ಕ ಸಾಮಾನ್ಯವಾಗಿ ಬಹಳ ಕಡಿಮೆ. ಸಮುದಾಯ ಕಾಲೇಜಿನಲ್ಲಿ ಎರಡು ವರ್ಷ ಓದಿ ಅನಂತರ ಅಲ್ಲಿಗೆ ಸೇರುವ ದಾರಿಯೂ ಇದೆ. ಬರವಣಿಗೆಯ ಜೊತೆಗೆ ಅಂಕಿಅಂಶ, ಸಾರ್ವಜನಿಕ ಆರೋಗ್ಯ, ಶಿಕ್ಷಣ ಇಂಥ ಇನ್ನೊಂದು ವಿಷಯವನ್ನು ಕಲಿತವರಿಗೆ ಬರೆಯಲು ವಸ್ತುವೂ ಸಿಗುತ್ತದೆ, ಕೆಲಸದ ಬಾಗಿಲುಗಳೂ ಹೆಚ್ಚು ತೆರೆಯುತ್ತವೆ.

ಕಾಲೇಜು ಕಳುಹಿಸುವ ಸಹಾಯಧನದ ಪತ್ರವನ್ನು ಓದುವಾಗ ಮರಳಿಸಬೇಕಿಲ್ಲದ ಹಣವನ್ನೂ ಸಾಲವನ್ನೂ ಬೇರೆಬೇರೆ ಬರೆದುಕೊಳ್ಳಿ. ಎಷ್ಟೋ ಪತ್ರಗಳಲ್ಲಿ ಇವೆರಡೂ ಒಂದೇ ಪಟ್ಟಿಯಲ್ಲಿ ಬೆರೆತಿರುತ್ತವೆ. ಬಳಿಕ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡೂ ಸಾಲದ ಪುಸ್ತಕಗಳನ್ನು ತೆರೆದಿಡಿ. ಮನೆಯ ಹಣದ ಸ್ಥಿತಿಯನ್ನು ಮಕ್ಕಳಿಂದ ಮುಚ್ಚಿಡುವುದು ನಮ್ಮಲ್ಲಿ ಬಹುಕಾಲದ ರೂಢಿ. ಆದರೆ ಲೆಕ್ಕ ತಿಳಿಯದ ಮಗುವಿಗೆ "ಬೇಡ" ಎಂಬ ಮಾತು ತನ್ನ ಪ್ರತಿಭೆಯ ಮೇಲಿನ ಅಪನಂಬಿಕೆಯಂತೆ ಕೇಳುತ್ತದೆ. ಲೆಕ್ಕ ತಿಳಿದ ಮಗುವಿಗೆ ಅದು ಕಾಲೇಜಿನ ಬೆಲೆಯ ಕುರಿತ ಮಾತಾಗಿ ಕೇಳುತ್ತದೆ. ಬೇರೆ ಕಾಲೇಜನ್ನು ಹುಡುಕುವ ಕೆಲಸಕ್ಕೆ ಅದೇ ನಿಮ್ಮ ಜೊತೆ ಕೂರಬಲ್ಲದು.